ಪಟ್ಟಮಂಟಪದ ಕೀಲುಗಳು

ಸಮುದ್ರದ ಕಡೆಯಿಂದ ಹಡಗಿನಲ್ಲಿ ಬಂದವರಿಗೆ ಅಳಿವೆಪಟ್ಟಣವು ಸುವರ್ಣ ಕಲಶಗಳನ್ನೂ ಶ್ವೇತ ಪ್ರಾಕಾರಗಳನ್ನೂ ಧರಿಸಿ ಸ್ವಾಗತಕ್ಕೆ ನಿಂತ ರಾಜಧಾನಿಯಾಗಿ ಕಾಣುತ್ತಿತ್ತು. ನದಿಯ ಕಡೆಯಿಂದ ದೋಣಿಯಲ್ಲಿ ಬಂದವರಿಗೆ ಅದೇ ಪಟ್ಟಣವು ಒಣಮೀನು ಹರವಿದ ಚಾಪೆಗಳನ್ನೂ ಅಗಸರ ಹಗ್ಗಗಳನ್ನೂ ಅರಮನೆಯ ಪಾಕಶಾಲೆಯ ಮಸಿ ಹಿಡಿದ ಹಿಂಬಾಗಿಲನ್ನೂ ಮೊದಲು ತೋರಿಸುತ್ತಿತ್ತು. ಪರದೇಶದ ರಾಯಭಾರಿಗಳನ್ನು ಸಮುದ್ರದ ಕಡೆಯಿಂದ ಕರೆತರುವುದು, ಮುನಿದ ಮಾಂಡಲಿಕರನ್ನು ನದಿಯ ಕಡೆಯಿಂದ ಸಾಗಹಾಕುವುದು ಅಲ್ಲಿನ ರಾಜನೀತಿ. ಆ ವರ್ಷದ ಚೈತ್ರದಲ್ಲಿ ಮಾತ್ರ ಯಾವ ಕಡೆಯಿಂದ ಬಂದವರ ಕಣ್ಣಾದರೂ ಮೊದಲು ಹೋಗಿ ನಿಲ್ಲುತ್ತಿದ್ದುದು ಒಂದೇ ಸ್ಥಳದಲ್ಲಿ: ಸಿಹಿನೀರು ಉಪ್ಪುನೀರನ್ನು ಕೂಡುವಲ್ಲಿ, ಹೊನ್ನೆಮರದ ಕಂಬಗಳ ಮೇಲೆ, ಕೆಂಪಗೆ ಏಳುತ್ತಿದ್ದ ಪಟ್ಟಮಂಟಪದಲ್ಲಿ.

ಅರಸನು ಜ್ವರದಲ್ಲಿ ಗತಿಸಿದ್ದನು. ಅವನ ಏಕಮಾತ್ರ ಪುತ್ರಿ, ಇನ್ನೂ ಇಪ್ಪತ್ತು ತುಂಬದ ಚಂಪಲದೇವಿ, ವೈಶಾಖದಲ್ಲಿ ಪಟ್ಟವೇರಬೇಕು. ಆ ವಂಶದ ಪಟ್ಟಾಭಿಷೇಕವು ನೆಲದ ಮೇಲೆ ಸಲ್ಲದು, ಅಳಿವೆಯ ನೀರಿನ ಮೇಲೆಯೇ ಆಗಬೇಕು. ಆ ಮಂಟಪದಲ್ಲಿ ಒಂದು ಕಬ್ಬಿಣದ ಮೊಳೆಯೂ ಇರಕೂಡದು. ಲೋಹವು ಯಮನಿಗೆ ಪ್ರಿಯವೆಂದು ಪುರೋಹಿತರು ಹೇಳುತ್ತಿದ್ದರು. ಉಪ್ಪುಗಾಳಿಯು ಕಬ್ಬಿಣವನ್ನು ತಿಂದುಹಾಕುತ್ತದೆಂದು ಬಡಗಿಗಳು ಹೇಳುತ್ತಿದ್ದರು. ಕಾರಣ ಬೇರೆಯಾದರೂ ಫಲ ಒಂದೇ ಆದುದರಿಂದ ವಿವಾದ ಏಳಲಿಲ್ಲ. ತೊಲೆಯನ್ನು ಕಂಬಕ್ಕೆ, ಹಲಗೆಯನ್ನು ತೊಲೆಗೆ ಹಿಡಿದಿಡುವ ಸಮಸ್ತ ಭಾರವೂ ಮತ್ತಿಮರದ ಕೀಲುಗಳ ಮೇಲೆ. ಒಂದೊಂದು ಕೀಲು ಗಂಡಾಳಿನ ಮುಂಗೈಯಷ್ಟು ದಪ್ಪ.

ಆ ಕೀಲುಗಳು ಹುಟ್ಟುತ್ತಿದ್ದುದು ಬಡಗಿಗೇರಿಯ ಕೂಟಶಾಲೆಯಲ್ಲಿ. ಕೇರಿಯ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಚಪ್ಪರವದು. ದಿಮ್ಮಿಯನ್ನು ಗರಗಸದಿಂದ ಕೊಯ್ಯದೆ, ಬೆಣೆ ಬಡಿದು ನಾರಿನ ಗುಂಟ ಸೀಳುವರು. ಸೀಳನ್ನು ಬಾಚಿಯಿಂದ ಎಂಟು ಮುಖವಾಗಿ ಕೆತ್ತುವರು. ಬಳಿಕ ನೆಲದಲ್ಲಿ ಹೂತ ಕಬ್ಬಿಣದ ಬಳೆಯೊಳಗೆ ಕೊಡತಿಯಿಂದ ಬಡಿದು ಇಳಿಸುವರು. ಬಳೆಯ ಆಚೆ ಕಡೆ ಬಿದ್ದದ್ದು ದುಂಡನೆಯ ಕೀಲು, ಈಚೆ ಉಳಿದದ್ದು ಒಲೆಗೆ. ಕಡೆಗೆ ಕೀಲುಗಳನ್ನು ಕಾದ ಮರಳಿನಲ್ಲಿ ಹೂತು ಅವುಗಳ ಕೊನೆಯ ಹಸಿಯನ್ನೂ ಹೀರಿಸುವರು. ಆ ಮರಳಿನ ಒಡೆತನ ಹೆಂಗಸರದು. ಕಂಬ ಕೆತ್ತಿದವನು ಕಂಬದ ಬುಡದಲ್ಲಿ ಹೆಸರು ಕೊರೆದುಕೊಳ್ಳಬಹುದು, ಆನೆ ಕೆತ್ತಿದವನು ಆನೆಯ ಹೊಟ್ಟೆಯ ಕೆಳಗೆ ಕೊರೆದುಕೊಳ್ಳಬಹುದು, ಕೀಲಿಗೆ ಹೆಸರಿಲ್ಲ. ಎಲ್ಲ ಮನೆಯ ಕೀಲೂ ಒಂದೇ ರಾಶಿಗೆ. ನಿಂತರೆ ಎಲ್ಲರದೂ ನಿಂತಿತು, ಬಿದ್ದರೆ ಎಲ್ಲರೂ ಬಿದ್ದರು.

ಕೂಟಶಾಲೆಯ ಯಜಮಾನ ಬೈಚೋಜ, ಹೆಂಡತಿ ತೀರಿಹೋದ, ಮಾತು ಕಡಿಮೆಯ ಮನುಷ್ಯ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವುದಕ್ಕೆ ತಮ್ಮ ಸಿರಿಯೋಜನಿದ್ದನು. ಸಿರಿಯೋಜನನ್ನು ಸುಮ್ಮನಿರಿಸುವುದಕ್ಕೆ ಅವನ ಹೆಂಡತಿ ಜಕ್ಕವ್ವೆಯಿದ್ದಳು. ಮರಳಿನ ಒಲೆ ಅವಳ ಅಧೀನ. ಕೀಲನ್ನು ಕೆನ್ನೆಗೆ ಒತ್ತಿಕೊಂಡು ಒಣಗಿದೆಯೋ ಇಲ್ಲವೋ ಹೇಳುವಳು.

ಒಂದು ಮಧ್ಯಾಹ್ನ ತಳವಾರ ಬಮ್ಮಯ್ಯನು ಆಳುಗಳೊಡನೆ ಬಂದು ಸಿರಿಯೋಜನ ಹತಾರದ ಚೀಲವನ್ನು ಕೊಡವಿದನು. ಉಳಿಗಳ ಸಂಗಡ ಅರಮನೆಯ ಬೆಳ್ಳಿಯ ದೀಪವೊಂದು ಉರುಳಿತು. ಅದು ಅಲ್ಲಿಗೆ ತಾನಾಗಿ ನಡೆದುಬಂದಿರಬೇಕು. ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಬೆರಗಾದವನು ಸಿರಿಯೋಜನೇ. ಅವನನ್ನು ಸೆರೆಗೆ ಒಯ್ದ ಮಾರನೆಯ ದಿನ ಬೈಚೋಜನಿಗೆ ಮಹಾಪ್ರಧಾನ ಮಾಳರಸನಿಂದ ಕರೆ ಬಂದಿತು.

ಮಾಳರಸನು ಗತಿಸಿದ ಅರಸನ ತಮ್ಮ, ಚಂಪಲದೇವಿಗೆ ಚಿಕ್ಕಪ್ಪ, ಅವಳಿಲ್ಲದಿದ್ದರೆ ಪಟ್ಟಕ್ಕೆ ಅವನ ಹೊರತು ಬೇರೆ ಹಕ್ಕುದಾರರಿರಲಿಲ್ಲ. ಅವನು ಕೊಳದ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚುತ್ತಿದ್ದನು.

“ಕುಳಿತುಕೋ, ಬೈಚೋಜ. ನಿನ್ನ ತಮ್ಮನಿಗೆ ಶೂಲವೇ ತಕ್ಕದ್ದೆಂದು ಧರ್ಮಾಧಿಕಾರಿಗಳ ಅಭಿಮತ. ನನಗೋ, ರಕ್ತವೆಂದರೆ ಆಗದು.”

“ಅವನು ಕದಿಯುವವನಲ್ಲ, ಒಡೆಯ. ಕದ್ದಿದ್ದರೆ ಅರ್ಧ ದಾರಿಯಲ್ಲೇ ನಾಲ್ವರಿಗೆ ಹೇಳಿಕೊಂಡಿರುತ್ತಿದ್ದ.”

“ಬಲ್ಲೆ,” ಎಂದು ಮಾಳರಸನು ಮಂದಹಾಸ ಬೀರಿದನು. “ಒಣಗದ ಹಸಿ ಕೀಲನ್ನು ಬಡಿದರೆ ಏನಾಗುತ್ತದೆ?”

ಕಸುಬಿನ ಪ್ರಶ್ನೆ ಬಂದಾಗ ಉತ್ತರವು ಬೈಚೋಜನ ಬಾಯಿಂದ ಅವನ ಅನುಮತಿಯಿಲ್ಲದೆಯೇ ಹೊರಡುತ್ತಿತ್ತು. “ಬಡಿದ ದಿನ ಏನೂ ಆಗದು, ಒಡೆಯ. ಬಿಗಿಯಾಗಿಯೇ ಕೂರುತ್ತದೆ. ಬಿಸಿಲಿಗೆ ಒಣಗುತ್ತ ಒಣಗುತ್ತ ಕೀಲು ಸೊರಗುತ್ತದೆ. ಆಮೇಲೆ ಮೇಲಿಂದ ಭಾರ ಬಿದ್ದರೆ...” ಅವನು ನಿಲ್ಲಿಸಿದನು.

“ಹೇಳು, ಹೇಳು.”

“ಜಾರುತ್ತದೆ.”

“ಪಟ್ಟಕ್ಕೆ ಇನ್ನೂ ಒಂದು ಮಾಸವಿದೆ. ಬಿಸಿಲಿಗೆ ಈ ಸಲ ಕೊರತೆಯಿಲ್ಲ.” ಮಾಳರಸನು ಅಂಗೈಯ ಮಂಡಕ್ಕಿಯ ಪುಡಿಯನ್ನು ಕೊಡವಿಕೊಂಡನು. “ಹಸಿ ಕೀಲು ಬಡಿದಾಯಿತೆಂದು ಬಮ್ಮಯ್ಯ ಬಂದು ಹೇಳಿದ ಗಳಿಗೆಗೆ ನಿನ್ನ ತಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿರುತ್ತಾನೆ. ಈ ಮಾತು ಮೂರನೆಯ ಕಿವಿಗೆ ಬಿದ್ದರೆ ಅವನು ಮತ್ತೆಂದೂ ಊಟಕ್ಕೆ ಕುಳಿತುಕೊಳ್ಳಲಾರ.”

ಬೈಚೋಜನು ಮನೆಗೆ ಬಂದು ಆ ಮಾತನ್ನು ಮೂರನೆಯ ಕಿವಿಗೆ ಹಾಕಿದನು. ಹಾಕದೆ ಉಪಾಯವಿರಲಿಲ್ಲ: ಜಕ್ಕವ್ವೆಯ ಕೆನ್ನೆ ತಪ್ಪಿಸಿ ಯಾವ ಕೀಲೂ ಹೊರಗೆ ಹೋಗುತ್ತಿರಲಿಲ್ಲ.

ಅವಳು ಒಲೆಗೆ ಸೌದೆ ಒಟ್ಟುತ್ತಲೇ ಕೇಳಿದಳು. “ಒಣಗದ ಕೀಲು ನನ್ನ ಮರಳಿನಿಂದ ಎಂದಾದರೂ ಎದ್ದದ್ದುಂಟೇ, ಭಾವ?”

“ಇಲ್ಲ.”

“ಈಗ ಏಳಲಿ.”

ಬೈಚೋಜನು ಅವಳನ್ನು ನೋಡಿದನು.

“ಹಾಗೇಕೆ ನೋಡುತ್ತೀರಿ? ಆ ರಾಜಕುಮಾರಿ ನನಗೇನಾಗಬೇಕು? ಒಂದು ಸಲ ಪಲ್ಲಕ್ಕಿಯಲ್ಲಿ ಈ ಬೀದಿಗೆ ಬಂದಳು, ಕಣ್ತುಂಬ ಧೂಳು ಕೊಟ್ಟು ಹೋದಳು. ನನ್ನ ಗಂಡ ವಾಚಾಳಿ, ಸೋಮಾರಿ, ಒಪ್ಪಿದೆ. ಆದರೂ ಇರುವವನು ಅವನೊಬ್ಬನೇ.”

“ಮಂಟಪದ ಮೇಲೆ ಅವಳೊಬ್ಬಳೇ ನಿಲ್ಲುವುದಿಲ್ಲ, ತಾಯಿ. ಕಳಶ ಹಿಡಿಯುವವರು ನಮ್ಮ ಕೇರಿಯ ಮುತ್ತೈದೆಯರು. ಹಿರಿಯ ಕಲ್ಲೋಜನ ಸೊಸೆ ಬಸುರಿ, ಅವಳೂ ಹೋಗುತ್ತಾಳೆ. ಕೆಳಗೆ ಅಳಿವೆಯ ಸೆಳೆತ.”

ಜಕ್ಕವ್ವೆ ಕೈಯಲ್ಲಿದ್ದ ಸೌದೆಯನ್ನು ಒಲೆಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ. ಕಡೆಗೆ ಅದನ್ನು ಒಲೆಯ ಬಾಯಿಗೆ ತಳ್ಳಿದಳು. “ಹಾಗಾದರೆ ಎರಡು ರಾಶಿ ಮಾಡೋಣ. ಹಸಿಯದು ಬಮ್ಮಯ್ಯನ ಕಣ್ಣಿಗೆ, ಒಣಗಿದ್ದು ಮಂಟಪಕ್ಕೆ. ಬಡಿದಾಯಿತೆಂದು ಅವನು ಹೇಳಲಿ, ಇವರು ಮನೆಗೆ ಬರಲಿ. ಬಂದ ಕ್ಷಣವೇ ದೋಣಿ ಹತ್ತಿ ಊರು ಬಿಡೋಣ. ಮಂಟಪ ಬೀಳಲಿಲ್ಲವೆಂದು ಮಹಾಪ್ರಧಾನರು ಬೇಕಾದರೆ ಸಮುದ್ರದ ಮೇಲೆ ದೂರು ಹೇಳಿಕೊಳ್ಳಲಿ.”

ಬಮ್ಮಯ್ಯನನ್ನು ನಂಬಿಸುವುದು ಕಷ್ಟವಾಗಲಿಲ್ಲ. ಅವನು ಹಸಿ ಕೀಲನ್ನು ಎತ್ತಿ ತೂಗಿನೋಡಿ, ಭಾರವಿದೆಯೆಂದು ತೃಪ್ತನಾಗಿ, ಗೋಡೆಯ ಬದಿಯ ಆ ರಾಶಿಗೆ ಕಣ್ಣಲ್ಲೇ ಮುದ್ರೆಯೊತ್ತಿ ಹೋದನು. ಒಣ ಕೀಲುಗಳು ಎದುರು ಮೂಲೆಯಲ್ಲಿ, ತೆಂಗಿನ ಗರಿಯ ಕೆಳಗಿದ್ದವು. ಆದರೆ ಆ ಇಬ್ಬರೂ ದುಃಖದಲ್ಲಿ ಒಂದು ಸಂಗತಿಯನ್ನು ಮರೆತಿದ್ದರು: ಕೂಟಶಾಲೆಯಲ್ಲಿ ಅವರಿಬ್ಬರೇ ಇರಲಿಲ್ಲ.

ಕೀಲು ಬಡಿಯುವ ಮುಹೂರ್ತದ ಬೆಳಿಗ್ಗೆ ಬೈಚೋಜನನ್ನು ಮಾಳರಸನು ಕಡೆಯ ಎಚ್ಚರಿಕೆಗೆಂದು ಕರೆಸಿಕೊಂಡನು. ಜಕ್ಕವ್ವೆ ಸೆರೆಮನೆಗೆ ಬುತ್ತಿ ಒಯ್ದಿದ್ದಳು. ಆಗ ಕೇರಿಯ ಹಿರಿಯ ಕಲ್ಲೋಜನು ಚಪ್ಪರದೊಳಗೆ ಬಂದವನು ತೆಂಗಿನ ಗರಿಯನ್ನು ಸರಿಸಿ ಸ್ತಂಭಿತನಾದನು.

“ಇದೇನಿದು? ಕೂಟದಲ್ಲಿ ಎರಡು ರಾಶಿಯೇ? ಯಾವ ಮನೆಯವರು ತಮ್ಮ ಕೀಲು ಬೇರೆ ಇಟ್ಟುಕೊಂಡವರು? ನಾಳೆ ಒಲೆ ಬೇರೆ ಮಾಡುತ್ತೀರಿ, ನಾಡಿದ್ದು ದೇವರನ್ನೂ ಬೇರೆ ಮಾಡುತ್ತೀರಿ!”

ಯಾರೂ ತಮ್ಮದೆನ್ನಲಿಲ್ಲ. ಮುದುಕನು ಸೊಂಟಕ್ಕೆ ವಸ್ತ್ರ ಬಿಗಿದು ತನ್ನ ಕೈಯಾರೆ ಎರಡೂ ರಾಶಿಗಳನ್ನು ಕಲೆಸಿದನು. ಉಳಿದವರು ಸಂಪ್ರದಾಯದಂತೆ ಎಳ್ಳೆಣ್ಣೆ ಸವರಿದರು. ಎಣ್ಣೆಯ ಕೆಳಗೆ ಹಸಿಯದೂ ಒಣಗಿದ್ದೂ ಒಂದೇ ಬಣ್ಣವಾಯಿತು. ಮುಹೂರ್ತ ಮೀರಬಾರದೆಂದು ದೋಣಿ ಹೊರಟಿತು. ಕೂಟಶಾಲೆಗೆ ಮರಳಿ, ಉಳಿದ ಕೀಲುಗಳೆಲ್ಲ ಒಂದೇ ರಾಶಿಯಾಗಿ ಬಿದ್ದಿರುವುದನ್ನು ಕಂಡ ಬೈಚೋಜನು ಓಡುತ್ತ ಅಳಿವೆಗೆ ಬಂದಾಗ ಕೊಡತಿಯ ಸದ್ದು ನಿಂತಿತ್ತು. ಕೀಲಿನ ತಲೆಗಳನ್ನು ಕೊಯ್ದು, ಉಜ್ಜಿ, ಅರಗು ಬಳಿದಿದ್ದರು.

“ಎಷ್ಟು ಸೊಗಸಾಗಿ ಕೂತಿವೆ ನೋಡಪ್ಪ,” ಎಂದು ಕಲ್ಲೋಜನು ತೊಲೆಯನ್ನು ಮಗುವಿನ ಬೆನ್ನಿನಂತೆ ತಟ್ಟಿದನು. “ನಮ್ಮ ಕೇರಿ ಇನ್ನೂ ಒಂದಾಗಿದೆ.”

ಬೈಚೋಜನ ಬಾಯಿ ತೆರೆಯಿತು. ದಡದಲ್ಲಿ ನಿಂತ ಬಮ್ಮಯ್ಯನನ್ನು ಕಂಡು ಮುಚ್ಚಿತು.

ಸಿರಿಯೋಜನು ಆ ದಿನ ಮನೆಗೆ ಬರಲಿಲ್ಲ. ಕೇಳಲು ಹೋದ ಬೈಚೋಜನಿಗೆ ಮಾಳರಸನು ಅತ್ಯಂತ ಸೌಜನ್ಯದಿಂದ ಹೇಳಿದನು: “ಯೋಚಿಸಿ ನೋಡಿದೆ. ಮೊದಲು ಮಂಟಪ ಬೀಳಲಿ. ಬೀಳದೆ, ಅರಸಿಯ ಮೆರವಣಿಗೆ ಮರಳಿ ಅರಮನೆಯ ಬಾಗಿಲು ಮುಟ್ಟಿತೋ, ಅದೇ ಗಳಿಗೆಗೆ ನಿನ್ನ ತಮ್ಮನಿಗೆ ಶೂಲ. ಆದ್ದರಿಂದ ನೀನೂ ನಾನೂ ಈಗ ಒಂದನ್ನೇ ಪ್ರಾರ್ಥಿಸುವವರು.”

ಮಂಟಪಕ್ಕೆ ಪುಣ್ಯಾಹವಾಯಿತು, ಇನ್ನು ಬಡಗಿಗಳು ಮುಟ್ಟಕೂಡದೆಂದು ಕಾವಲು ಬಿತ್ತು. ಬಿಸಿಲು ಏರಿತು. ಪ್ರತಿದಿನವೂ ಬೈಚೋಜನು ದಡದಲ್ಲಿ ಕುಳಿತು, ತಾನೇ ಎತ್ತಿದ ಮಂಟಪವನ್ನು ಕೊಲೆಗಡುಕನನ್ನು ನೋಡುವಂತೆ ನೋಡುತ್ತಿದ್ದನು. ಯಾವ ರಂಧ್ರದಲ್ಲಿ ಹಸಿಯದಿದೆ, ಯಾವುದರಲ್ಲಿ ಒಣಗಿದ್ದಿದೆ? ಹೆಸರಿಲ್ಲದ ಕೀಲುಗಳು ಉತ್ತರ ಕೊಡಲಿಲ್ಲ. ರಾಜಕುಮಾರಿಗೆ ಸುದ್ದಿ ಮುಟ್ಟಿಸೋಣವೆಂದರೆ ಅರಮನೆಯ ಬಾಗಿಲುಗಳೆಲ್ಲ ಮಾಳರಸನವು. ದಡದಲ್ಲಿ ನಿಂತು ಕೂಗೋಣವೆಂದರೆ ಆ ಕೂಗಿನ ಬೆಲೆ ತಮ್ಮನ ತಲೆ. ಒಮ್ಮೆ ಜಕ್ಕವ್ವೆ, “ಭಾವ, ದೇವರಿಗೆ ಹರಕೆ ಹೊರೋಣವೇ?” ಎಂದಾಗ ಅವನು, “ಏನೆಂದು ಹೊರುವುದು? ಬೀಳಲೆಂದೋ, ನಿಲ್ಲಲೆಂದೋ?” ಎಂದನು.

ಪಟ್ಟದ ಬೆಳಿಗ್ಗೆ ನೀರು ಇಳಿದಿತ್ತು. ಜಕ್ಕವ್ವೆ ಒಂದು ಚಿಕ್ಕ ದೋಣಿಯ ತುಂಬ ಮಾವಿನ ತೋರಣ ಪೇರಿಸಿಕೊಂಡು ಬಂದಳು. ತೋರಣದ ಅಡಿಯಲ್ಲಿ, ಕೂಟಶಾಲೆಯಲ್ಲಿ ಉಳಿದಿದ್ದ ರಾಶಿಯಿಂದ ಅವಳು ಕೆನ್ನೆಗೊತ್ತಿ ಆರಿಸಿದ ಒಣ ಕೀಲುಗಳಿದ್ದವು. ಕೀಲುಗಳ ಪಕ್ಕದಲ್ಲಿ ಬೈಚೋಜನು ಮಲಗಿದ್ದನು.

“ಎಲ್ಲಿಗೆ?” ಎಂದು ಬಮ್ಮಯ್ಯ ತಡೆದನು.

“ಕೆಳಗಿನ ತೊಲೆಗೆ ತೋರಣ ಕಟ್ಟುವುದಕ್ಕೆ.”

“ಕೆಳಗೆ ಕಟ್ಟಿದರೆ ಯಾರು ನೋಡುತ್ತಾರೆ?”

“ಮೀನು ನೋಡುತ್ತವೆ. ಪಟ್ಟದ ದಿನ ಮೀನಿಗೂ ಹಬ್ಬವಲ್ಲವೇ, ತಳವಾರರೆ? ಬೇಡವೆಂದರೆ ಬಿಡಿ, ಅಮಂಗಳ ಮಾಡಿಸಿದವರು ಯಾರೆಂದು ಪುರೋಹಿತರು ಕೇಳಿದರೆ ನಿಮ್ಮ ಹೆಸರು ಹೇಳುತ್ತೇನೆ.”

“ಹೋಗು, ಹೋಗು. ಗಂಡ ಸೆರೆಯಲ್ಲಿದ್ದರೂ ನಾಲಗೆಗೆ ಬೀಗವಿಲ್ಲ ಇವಳಿಗೆ.”

ಮಂಟಪದ ಅಡಿಯಲ್ಲಿ ಬೈಚೋಜನು ಪ್ರತಿಯೊಂದು ಕೀಲನ್ನೂ ಹೆಬ್ಬೆರಳಿನಿಂದ ಒತ್ತಿನೋಡಿದನು. ಕೆಲವು ಬಂಡೆಯಂತೆ ಕುಳಿತಿದ್ದವು. ಕೆಲವು ಮುದುಕನ ಹಲ್ಲಿನಂತೆ ಅಲುಗಿದವು. ಅಲುಗಿದ್ದನ್ನು ಹೊರಗೆ ತಳ್ಳಿ, ಒಣ ಕೀಲನ್ನು ಇಟ್ಟು, ಬಟ್ಟೆ ಸುತ್ತಿದ ಕೊಡತಿಯಿಂದ ಬಡಿಯುವನು. ಆ ಸದ್ದನ್ನು ದಡದ ಭೇರಿ ನುಂಗುತ್ತಿತ್ತು. ಜಕ್ಕವ್ವೆ ದೋಣಿಯನ್ನು ಕಂಬಕ್ಕೆ ಅವುಚಿ ಹಿಡಿದು ಒಂದೊಂದೇ ಕೀಲನ್ನು ನೀಡುತ್ತಿದ್ದಳು. ಹೊತ್ತೇರಿತು. ನೀರು ತಿರುಗಿ ಏರತೊಡಗಿತು. ಮೇಲೆ ಹೆಜ್ಜೆಗಳು ಬಂದವು: ಮೊದಲು ಪುರೋಹಿತರು, ಆಮೇಲೆ ಕಳಶದ ಹೆಂಗಸರ ಗೆಜ್ಜೆ, ಚಾಮರದವರು, ಸಾಮಂತರು. ಹಲಗೆಗಳು ನರಳಿದವು.

ಉಳಿದದ್ದು ಒಂದೇ, ನಡುತೊಲೆಯ ಕೀಲು. ಹಳೆಯದು ಬೆರಳು ತಾಗಿದೊಡನೆ ಜಾರಿ ಬಂದಿತು. ಬೈಚೋಜನು ಹೊಸದನ್ನು ಅರ್ಧ ಬಡಿದಿದ್ದನು; ಅಷ್ಟರಲ್ಲಿ ಮೇಲೆ ಅರಸಿಯು ಸಿಂಹಾಸನದತ್ತ ನಡೆದಳು, ಜನವೆಲ್ಲ ನಡುವಿಗೆ ಸರಿಯಿತು, ತೊಲೆ ಬಾಗಿತು, ತೊಲೆಯ ರಂಧ್ರವೂ ಕಂಬದ ರಂಧ್ರವೂ ಒಂದಕ್ಕೊಂದು ತಪ್ಪಿದವು. ಅವನು ತೊಲೆಗೂ ಕಂಬಕ್ಕೂ ನಡುವಿನ ಸಂದಿಯಲ್ಲಿ ಎಡಗೈ ತೂರಿಸಿ, ಕೀಲಿನ ಮೂತಿಯನ್ನು ದಾರಿಗೆ ತಿರುಗಿಸಿ, ಬಲಗೈಯಿಂದ ಕಡೆಯ ಪೆಟ್ಟು ಹೊಡೆದನು. ಕೀಲು ಹೊಕ್ಕಿತು. ತೊಲೆ ಅದರ ಮೇಲೆ ಕುಳಿತುಕೊಂಡಿತು, ಮಣಿಕಟ್ಟಿನವರೆಗೆ ಅವನ ಕೈಯ ಮೇಲೂ ಕುಳಿತುಕೊಂಡಿತು.

ಅವನು ಕೂಗಲಿಲ್ಲ. ತುಟಿಯನ್ನು ಕಚ್ಚಿದ್ದರಿಂದ ಗಲ್ಲದ ಮೇಲೆ ರಕ್ತವಿಳಿಯಿತು.

ಅವನ ಎದೆಯವರೆಗೆ ನೀರಿತ್ತು. ಜಕ್ಕವ್ವೆ ಬಾಚಿ ಎತ್ತಿದಳು. “ಭಾವ, ಕಡಿದುಬಿಡುತ್ತೇನೆ. ಕೈ ಹೋದರೆ ಹೋಗಲಿ.”

“ಬೇಡ. ಕಡಿದರೆ ಕೂಗದೆ ಇರಲಾರೆ. ಕೂಗಿದರೆ ಮೇಲಿರುವವರು ನೋಡಲೆಂದು ಒಂದೇ ಬದಿಗೆ ನುಗ್ಗುತ್ತಾರೆ. ಈ ಕೀಲು ಈಗ ಹೊಕ್ಕಿದೆ, ಇನ್ನೂ ಕಚ್ಚಿಲ್ಲ.” ಅವನು ಉಸಿರು ತೆಗೆದುಕೊಂಡನು. “ಇವರೆಲ್ಲ ಇಳಿದು ಅರಮನೆ ಮುಟ್ಟಿದರೆ ಅಲ್ಲಿ ಸಿರಿಯ ಉಳಿಯುವುದಿಲ್ಲ. ಶಂಖವಾದೊಡನೆ ಅರಸಿಗೆ ಮೊರೆಯಿಡು. ಹೋಗು.”

ಅವಳು ಹೋಗಲಿಲ್ಲ. ಅವನ ತಲೆಯನ್ನು ಎರಡೂ ಕೈಯಲ್ಲಿ ನೀರಿನ ಮೇಲೆ ಎತ್ತಿ ಹಿಡಿದು ನಿಂತಳು. ಮೇಲೆ ಶಂಖ ಮೊಳಗಿತು.

“ಹೋಗು, ಮಗಳೆ,” ಎಂದನು ಬೈಚೋಜ.

ಆ ರಾಜ್ಯದ ಕಟ್ಟಳೆಯೊಂದಿತ್ತು: ಪಟ್ಟವಾದ ಅರಸು ಮಂಟಪ ಇಳಿಯುವ ಮುನ್ನ ಪ್ರಜೆಯ ಒಂದು ಮೊರೆಯನ್ನು ಕೇಳಿ ನಡೆಸಿಕೊಡಬೇಕು. ತಲೆತಲಾಂತರದಿಂದ, ಮೊದಲೇ ಗೊತ್ತುಮಾಡಿದ ವೃದ್ಧನೊಬ್ಬನು ಬಾವಿ ಬೇಡುವುದು, ಅರಸು ಬಾವಿ ದಯಪಾಲಿಸುವುದು, ಆ ಬಾವಿಯನ್ನು ಯಾರೂ ತೋಡದಿರುವುದು ರೂಢಿ. ಈ ಸಲದ ವೃದ್ಧನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಹಿಂಬದಿಯ ಏಣಿಯಿಂದ ಒದ್ದೆ ಸೀರೆಯ ಹೆಂಗಸೊಬ್ಬಳು ಮೇಲೆದ್ದಳು.

“ಮೊರೆ, ದೇವಿ! ನನ್ನ ಮೊರೆ!”

ಆಳುಗಳು ಮುನ್ನುಗ್ಗಿದರು. ಹೊಸ ಅರಸಿಯು ಕೈಯೆತ್ತಿ ತಡೆದಳು. “ನಿಲ್ಲಿ. ಮೊದಲು ಕೇಳಿಸಿದ್ದು ಇವಳ ಧ್ವನಿ. ಹೇಳು, ತಾಯಿ.”

ಜಕ್ಕವ್ವೆಯ ಎದೆಯಲ್ಲಿದ್ದ ಮಾತು ಒಂದೇ: ಕೆಳಗೆ ಮನುಷ್ಯನಿದ್ದಾನೆ. ಅದನ್ನು ಆಡಿದರೆ ಜನ ನುಗ್ಗುತ್ತದೆ. ಅವಳು ಆ ಮಾತನ್ನು ನುಂಗಿದಳು. ನುಂಗಿ, ಮಡಿಲಿನಿಂದ ಸೊರಗಿದ ಹಳೆಯ ಕೀಲೊಂದನ್ನು ತೆಗೆದು ಅರಸಿಯ ಪಾದದ ಬಳಿ ಇಟ್ಟಳು.

“ನನ್ನ ಬೇಡಿಕೆ ದೊಡ್ಡದಲ್ಲ, ದೇವಿ. ಪಟ್ಟದ ಅರಸಿಗೆ ಛತ್ರ ಹಿಡಿಯಬೇಕಾದವರು ಕುಲದ ಹಿರಿಯರು. ಅವರು ದಡದಲ್ಲೇ ನಿಂತಿದ್ದಾರೆ. ಅವರನ್ನು ಇಲ್ಲಿಗೆ ಕರೆಯಬೇಕು. ಅಷ್ಟೇ.”

ಜನ ನಕ್ಕಿತು. ಚಂಪಲದೇವಿ ನಗಲಿಲ್ಲ. ಛತ್ರವನ್ನು ಸೇವಕನು ಹಿಡಿದಿರುವುದನ್ನು ಅವಳೂ ಬೆಳಿಗ್ಗೆಯಿಂದ ಗಮನಿಸಿದ್ದಳು.

“ಚಿಕ್ಕಪ್ಪನವರೆ, ನನ್ನ ಮೊದಲ ಮೊರೆಯನ್ನು ತಾವೇ ನಡೆಸಿಕೊಡಬೇಕಾಗಿದೆ. ದಯಮಾಡಿಸಿ.”

“ಮೊಣಕಾಲಿನ ವೇದನೆ, ದೇವಿ,” ಎಂದನು ಮಾಳರಸನು ದಡದಿಂದ. “ಈ ಮುದಿತನಕ್ಕೆ ಕ್ಷಮೆಯಿರಲಿ.”

“ನಿನ್ನೆ ತಾವು ಕುದುರೆಯೇರಿದ್ದನ್ನು ಉಪ್ಪರಿಗೆಯಿಂದ ಕಂಡೆ. ಎಷ್ಟು ಲೀಲಾಜಾಲವಾಗಿ ಏರಿದಿರಿ!”

ಸಹಸ್ರ ಕಣ್ಣುಗಳು ಅವನತ್ತ ತಿರುಗಿದವು. ಮಾಳರಸನು ಸೇತುಹಲಗೆಯ ಮೇಲೆ ಒಂದು ಹೆಜ್ಜೆಯಿಟ್ಟನು. ಮತ್ತೊಂದಿಟ್ಟನು. ಆಗ ನಡುತೊಲೆಯ ಹೊಸ ಕೀಲು, ತನ್ನ ಸ್ಥಾನದಲ್ಲಿ ಕೂರುತ್ತಾ, ಒಮ್ಮೆ ಕಿರ್ರನೆ ಸದ್ದು ಮಾಡಿತು. ಮಹಾಪ್ರಧಾನನು ಹಿಂದಕ್ಕೆ ಹಾರಿದನು. ತಲೆಯ ಮುಂಡಾಸು ಕೆಸರಿಗೆ ಬಿದ್ದಿತು. ಅವನ ಬಾಯಿಂದ, ಅವನೆಂದೂ ಆಡಬಾರದಾಗಿದ್ದ ಮಾತು ಹೊರಬಿತ್ತು:

“ಬೀಳುತ್ತದೆ! ಈಗ ಬೀಳುತ್ತದೆ!”

“ಯಾರೂ ಅಲುಗಬೇಡಿ,” ಎಂದಳು ಅರಸಿ. ಅವಳ ಧ್ವನಿ ಎತ್ತರವಾಗಿರಲಿಲ್ಲ, ಆದರೂ ಯಾರೂ ಅಲುಗಲಿಲ್ಲ. ಅವಳು ಬಾಗಿ ಕೀಲನ್ನು ಎತ್ತಿಕೊಂಡು, ಅದನ್ನೂ ಚಿಕ್ಕಪ್ಪನನ್ನೂ ನೋಡಿದಳು. “ನಾವೆಲ್ಲ ನಿಂತೇ ಇದ್ದೇವೆ, ಚಿಕ್ಕಪ್ಪ. ಇದು ಬೀಳುತ್ತದೆಂದು ತಮಗೊಬ್ಬರಿಗೆ ಹೇಗೆ ಗೊತ್ತು?”

ಉತ್ತರ ಕೊಟ್ಟವನು ಬಮ್ಮಯ್ಯ. ತನ್ನ ಒಡೆಯನ ಮುಖದಲ್ಲಿ ತನ್ನ ಗತಿಯನ್ನೂ ಓದಿಕೊಂಡ ಅವನು ಮೊಣಕಾಲೂರಿ, ದೀಪವನ್ನು ಚೀಲಕ್ಕೆ ಹಾಕಿದವನು ತಾನೆಂಬಲ್ಲಿಂದ ಆರಂಭಿಸಿ, ಕೇಳಿದ್ದಕ್ಕಿಂತ ಹೆಚ್ಚನ್ನೇ ಒದರಿದನು. ಅರಸಿಯ ಮುದ್ರೆಯುಂಗುರವನ್ನು ಹಿಡಿದು ಸವಾರನೊಬ್ಬನು ಸೆರೆಮನೆಯತ್ತ ಓಡಿದನು. ಆಗ ಜಕ್ಕವ್ವೆ ಅರಸಿಯ ಕಿವಿಯಲ್ಲಿ ಇನ್ನೊಂದು ಮಾತನ್ನು ಹೇಳಿದಳು.

ಚಂಪಲದೇವಿ ಜನದತ್ತ ತಿರುಗಿದಳು. “ಒಬ್ಬೊಬ್ಬರಾಗಿ ಇಳಿಯಿರಿ. ಬಸುರಿಯರು ಮೊದಲು. ಓಡಬೇಡಿ,” ಎಂದಳು. ಈಜುಗಾರರು ಹಗ್ಗ ಹಿಡಿದು ನೀರಿಗಿಳಿದರು. ಅರಸಿಯು ಕಟ್ಟಕಡೆಯವಳಾಗಿ ಇಳಿದಳು. ಅಷ್ಟರಲ್ಲಿ ನಡುತೊಲೆಯ ಮೇಲೆ ನೀರು ಆಡುತ್ತಿತ್ತು. ಈಜುಗಾರರು ಮತ್ತೆ ಮತ್ತೆ ಮುಳುಗಿ ಎದ್ದು, ಯಾರ ಮುಖವನ್ನೂ ನೋಡದೆ ದಡಕ್ಕೆ ಬಂದು ಕುಳಿತರು.

ಸಂಜೆ ನೀರು ಇಳಿಯಿತು. ಸೆರೆಯಿಂದ ಬಂದ ಸಿರಿಯೋಜನ ಕೈಗೆ ಯಾರೋ ಬೇರೆ ಕೊಡತಿ ಕೊಡಲು ಹೋದರು. ಅವನು ಅಣ್ಣನದನ್ನೇ ದೋಣಿಯಿಂದ ಎತ್ತಿಕೊಂಡನು. ತೊಲೆಯನ್ನು ಸನ್ನೆಕೋಲಿನಿಂದ ಎತ್ತಿ ಆ ಕೈಯನ್ನು ಬಿಡಿಸಿದರು. ಕೀಲು ಮಾತ್ರ ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ; ಅದನ್ನು ಅಲ್ಲಿಯೇ ಬಿಟ್ಟರು. ಕೆಸರಿನಲ್ಲಿ ಬರಿಗಾಲಲ್ಲಿ ನಿಂತ ಅರಸಿಯು ತನ್ನ ಪಟ್ಟದ ಪೀತಾಂಬರವನ್ನು ಶವದ ಮೇಲೆ ಹೊದಿಸಿದಳು. ರಾಶಿ ಎರಡೇಕಿತ್ತೆಂದು ತಿಳಿದ ಕಲ್ಲೋಜನು ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಯಾರದೋ ಎಂಬಂತೆ ನೋಡುತ್ತ ಕುಳಿತಿದ್ದನು.

ಹಗಲೆಲ್ಲ ಒಂದೂ ಮಾತಾಡದಿದ್ದ ಸಿರಿಯೋಜನು ಹೆಂಡತಿಯ ಪಕ್ಕದಲ್ಲಿ ಕುಸಿದನು.

“ಅಣ್ಣ ಏನಾದರೂ ಹೇಳಿದನೇ?”

“ಹೋಗು ಅಂದರು,” ಎಂದಳು ಜಕ್ಕವ್ವೆ. “ಎರಡು ಸಲ ಅಂದರು. ಮೊದಲನೆಯ ಸಲಕ್ಕೆ ನಾನು ಹೋಗಲಿಲ್ಲ.”